ಸಕ್ಕರೆ ಕಾಯಿಲೆಯ ಜೊತೆಗೆ ಮೂತ್ರದ ತೊಂದರೆಯೂ ಇರುವ ಬೆಕ್ಕಿಗೆ: ಆಹಾರ, ಮೀಟರ್, ಸಿರಿಂಜ್ ಮತ್ತು ಟ್ರೇಯ ಮರಳಿನ ವಿಮರ್ಶೆ

ಸಕ್ಕರೆ ಕಾಯಿಲೆಯ ಬೆಕ್ಕಿಗೆ ಏನು ಕೊಳ್ಳಬೇಕೆಂದು ಹೇಳುವವರು ಇದ್ದಾರೆ, ಮೂತ್ರದಲ್ಲಿ ಹರಳಾಗುವ ಬೆಕ್ಕಿಗೆ ಏನು ಕೊಳ್ಳಬೇಕೆಂದು ಹೇಳುವವರೂ ಇದ್ದಾರೆ. ಆದರೆ ಎರಡೂ ಒಂದೇ ಬೆಕ್ಕಿಗೆ ಬಂದಾಗ ಈ ಸಲಹೆಗಳು ಹಲವು ಕಡೆ ಒಂದಕ್ಕೊಂದು ಅಡ್ಡ ಬರುತ್ತವೆ. ನಮ್ಮ ಮನೆಯ ಗುಂಡ ಸಂತಾನಹರಣ ಚಿಕಿತ್ಸೆಯಾಗಿರುವ, ವಯಸ್ಸಾದ ಗಂಡು ಬೆಕ್ಕು. ಹಿಂದೊಮ್ಮೆ ಸ್ಟ್ರುವೈಟ್ ಎಂಬ, ಮೆಗ್ನೀಸಿಯಂ ಮತ್ತು ರಂಜಕ ಸೇರಿ ಆಗುವ ಹರಳಿನಿಂದ ಮೂತ್ರನಾಳ ಕಟ್ಟಿಕೊಂಡು ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ಸಣ್ಣ ಕೊಳವೆ, ಹಾಕಿಸಬೇಕಾಯಿತು. ಅದು ವಾಸಿಯಾದ ಕೆಲವು ವರ್ಷಗಳ ನಂತರ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅಂದಿನಿಂದ ನಾವು ಬಳಸಿದ ಸಾಮಾನುಗಳನ್ನು ಎರಡೂ ಕಾಯಿಲೆಗಳ ದೃಷ್ಟಿಯಿಂದ ತೂಗಿ ಇಲ್ಲಿ ಬರೆದಿದ್ದೇನೆ. ಯಾವ ಬೆಕ್ಕಿಗೆ ಎಷ್ಟು ಇನ್ಸುಲಿನ್, ಯಾವ ಆಹಾರ ಎಂಬುದನ್ನು ಅದನ್ನು ಪರೀಕ್ಷಿಸಿದ ಪಶುವೈದ್ಯರೇ ನಿರ್ಧರಿಸಬೇಕು.

ಮೊದಲು ಆಹಾರ. ಮೂತ್ರದ ತೊಂದರೆಗೆಂದು ವೈದ್ಯರ ಚೀಟಿಯ ಮೇಲೆ ಸಿಗುವ ಒಣ ಆಹಾರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರಲ್ಲಿ ಮೆಗ್ನೀಸಿಯಂ ಮತ್ತು ರಂಜಕದ ಪ್ರಮಾಣವನ್ನು ಹಿಡಿತದಲ್ಲಿಟ್ಟಿರುತ್ತಾರೆ, ಮೂತ್ರ ಸ್ವಲ್ಪ ಆಮ್ಲೀಯವಾಗುವಂತೆ ನೋಡಿಕೊಂಡಿರುತ್ತಾರೆ, ಬೆಕ್ಕು ಹೆಚ್ಚು ನೀರು ಕುಡಿಯಲಿ ಎಂದು ಕೆಲವು ಕಂಪನಿಗಳು ಉಪ್ಪಿನಂಶವನ್ನೂ ಹೆಚ್ಚಿಸಿರುತ್ತವೆ. ಸ್ಟ್ರುವೈಟ್ ಹರಳು ಇಂಥ ಮೂತ್ರದಲ್ಲಿ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಮಾತ್ರ ಯಾವ ಆಹಾರಕ್ಕೂ ಕರಗುವುದಿಲ್ಲ, ಮೂತ್ರವನ್ನು ತೆಳುವಾಗಿಟ್ಟು ಮತ್ತೆ ಆಗದಂತೆ ತಡೆಯಲು ಪ್ರಯತ್ನಿಸಬಹುದಷ್ಟೆ. ತೊಡಕಿರುವುದು ಒಣ ಕಾಳು ತಯಾರಾಗುವ ರೀತಿಯಲ್ಲಿ. ಕಾಳಿನ ಆಕಾರ ನಿಲ್ಲಬೇಕಾದರೆ ಅಕ್ಕಿ, ಜೋಳ, ಗೋಧಿಯಂಥ ಪಿಷ್ಟ ಬೇಕೇ ಬೇಕು, ಹಾಗಾಗಿ ಅನೇಕ ಒಣ ಆಹಾರಗಳಲ್ಲಿ ಕಾರ್ಬೋಹೈಡ್ರೇಟ್ ಮೂರನೆಯ ಒಂದು ಭಾಗದಷ್ಟಿರುತ್ತದೆ. ಹರಳಿಗೆ ಒಳ್ಳೆಯದಾದ ಅದೇ ಕಾಳು ಸಕ್ಕರೆ ಕಾಯಿಲೆಯ ಬೆಕ್ಕಿನ ರಕ್ತದಲ್ಲಿ ಗ್ಲುಕೋಸನ್ನು ಏರಿಸುತ್ತದೆ.

ಇದೇ ಆಹಾರದ ಹಸಿ ರೂಪವನ್ನು, ಅಂದರೆ ಪೌಚ್ ಅಥವಾ ಡಬ್ಬಿಯಲ್ಲಿ ಬರುವುದನ್ನು, ನಾನು ಮನಸ್ಸು ತುಂಬಿ ಶಿಫಾರಸು ಮಾಡುತ್ತೇನೆ. ಒಣ ಕಾಳಿನಲ್ಲಿ ನೀರಿನಂಶ ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಹಸಿ ಆಹಾರದಲ್ಲಿ ಶೇಕಡಾ 75ರಿಂದ 80ರವರೆಗೂ ಇರುತ್ತದೆ. ಬಟ್ಟಲಲ್ಲಿ ಎಷ್ಟೇ ನೀರಿಟ್ಟರೂ ಹೆಚ್ಚಿನ ಬೆಕ್ಕುಗಳು ಈ ವ್ಯತ್ಯಾಸವನ್ನು ಕುಡಿದು ತುಂಬಿಕೊಳ್ಳುವುದಿಲ್ಲ. ಮೂತ್ರ ತೆಳುವಾಗುವುದು, ಕಾರ್ಬೋಹೈಡ್ರೇಟ್ ಇಳಿಯುವುದು ಎರಡೂ ಒಂದೇ ಪೌಚಿನಿಂದ ಆಗುತ್ತದೆ ಎಂಬುದೇ ಇದರ ದೊಡ್ಡ ಗುಣ.

ಆದರೂ ಎಲ್ಲ ಪೌಚ್‌ಗಳೂ ಒಂದೇ ಅಲ್ಲ. ಗ್ರೇವಿ ಇರುವ ಬಗೆಗಳಲ್ಲಿ ರಸ ಗಟ್ಟಿಯಾಗಲು ಹಿಟ್ಟಿನಂಶ ಸೇರಿಸುವುದುಂಟು. ನುಣ್ಣಗೆ ಅರೆದ ಮುದ್ದೆಯಂಥ ಬಗೆಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಲೇಬಲ್ಲಿನ ಮೇಲೆ ಕಾರ್ಬೋಹೈಡ್ರೇಟ್ ಎಷ್ಟೆಂದು ಹೆಚ್ಚಾಗಿ ಬರೆದಿರುವುದಿಲ್ಲವಾದ್ದರಿಂದ ನಾವೇ ಲೆಕ್ಕ ಹಾಕಬೇಕಾಗುತ್ತದೆ. ಉದಾಹರಣೆಗೆ ನೂರರಲ್ಲಿ ನೀರು 80, ಪ್ರೋಟೀನ್ 10, ಕೊಬ್ಬು 5, ನಾರು 1, ಬೂದಿ (ಅಂದರೆ ಖನಿಜಗಳು) 2 ಎಂದಿದ್ದರೆ ಒಟ್ಟು 98 ಆಯಿತು, ಉಳಿದ 2 ಕಾರ್ಬೋಹೈಡ್ರೇಟ್. ನೀರನ್ನು ಬಿಟ್ಟರೆ ಉಳಿಯುವ ಘನಭಾಗ 20, ಅದರಲ್ಲಿ ಈ 2 ಎಂದರೆ ಶೇಕಡಾ 10. ಒಣ ಕಾಳಿನ ಪೊಟ್ಟಣಕ್ಕೂ ಇದೇ ಲೆಕ್ಕ ಹಾಕಿ ನೋಡಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ಸಕ್ಕರೆ ಕಾಯಿಲೆಗೆಂದೇ ಮಾಡಿದ ಆಹಾರವನ್ನು ಕೊಳ್ಳುವ ಮುನ್ನ ಅದು ಹರಳಿನ ಬೆಕ್ಕಿಗೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು, ಏಕೆಂದರೆ ಅಂಥವುಗಳಲ್ಲಿ ಪ್ರೋಟೀನ್ ಹೆಚ್ಚಿದ್ದರೂ ಖನಿಜಗಳ ಮೇಲೆ ಅಷ್ಟು ಹಿಡಿತ ಇಲ್ಲದಿರಬಹುದು.

ಆಹಾರ ಬದಲಿಸುವಾಗ ಒಂದು ಅಪಾಯವಿದೆ, ಅದನ್ನು ಒತ್ತಿ ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಬೆಕ್ಕಿಗೆ ಒಣ ಕಾಳು ನಿಲ್ಲಿಸಿ ಹಸಿ ಆಹಾರ ಶುರುಮಾಡಿದರೆ ಅದಕ್ಕೆ ಬೇಕಾಗುವ ಇನ್ಸುಲಿನ್ ಇಳಿಯಬಹುದು. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆದ್ದರಿಂದ ಈ ಬದಲಾವಣೆ ವೈದ್ಯರಿಗೆ ತಿಳಿಸಿ, ನಿಧಾನವಾಗಿ, ರಕ್ತದ ಸಕ್ಕರೆ ಅಳೆಯುವ ಮೀಟರ್ ಕೈಯಲ್ಲಿಟ್ಟುಕೊಂಡೇ ಆಗಬೇಕು. ಹಠಮಾರಿ ಬೆಕ್ಕನ್ನು ಹಸಿವಿಗೆ ಕೆಡವಿ ದಾರಿಗೆ ತರುವ ಯೋಚನೆಯೂ ಬೇಡ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಗಂಭೀರ ಕಾಯಿಲೆ ಬರಬಹುದು. ಗುಂಡ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪೌಚನ್ನು ಮೂಸಿಯೂ ನೋಡುತ್ತಿರಲಿಲ್ಲ. ಒಂದೆರಡು ಚಮಚ ಬಿಸಿನೀರು ಬೆರೆಸಿ ಕಲಸಿದಾಗ ವಾಸನೆ ಎದ್ದು ತಾನಾಗಿ ಬಂದ. ಹೆಚ್ಚುವರಿ ನೀರೂ ಹೊಟ್ಟೆ ಸೇರಿತು.

ನಮ್ಮ ಕಡೆಯ ಮನೆಗಳಲ್ಲಿ ಬೆಕ್ಕಿನ ಊಟವೆಂದರೆ ಹಾಲು ಅನ್ನ. ಊರಿನಿಂದ ಬಂದ ಅತ್ತೆಯವರು "ಪಾಪ, ಒಂದ್ ತುತ್ತು ಹಾಲನ್ನ ಹಾಕಿದ್ರೆ ಏನಾಗುತ್ತೆ?" ಎಂದು ಕೇಳಿದಾಗ ಅವರ ಮಾತಿನಲ್ಲಿದ್ದದ್ದು ಪ್ರೀತಿಯೇ. ಅನ್ನದ ಪಿಷ್ಟವೂ ಹಾಲಿನ ಸಕ್ಕರೆಯೂ ಸೇರಿ ಗುಂಡನ ಗ್ಲುಕೋಸ್ ಹೇಗೆ ಏರುತ್ತದೆಂದು ವಿವರಿಸಿದ ಮೇಲೆ ಅವರೇ ಕಾವಲು ನಿಂತರು. ಕರಾವಳಿಯ ಮನೆಗಳಲ್ಲಿ ಹಾಕುವ, ಮುಳ್ಳು ಸಮೇತದ ಮೀನಿನ ತಲೆ ಮತ್ತು ಒಣಮೀನಿನಲ್ಲಿ ಕಾರ್ಬೋಹೈಡ್ರೇಟ್ ಇಲ್ಲ, ನಿಜ. ಆದರೆ ರಂಜಕ ಹೆಚ್ಚು, ಹರಳಿನ ಚರಿತ್ರೆ ಇರುವ ಬೆಕ್ಕಿಗೆ ಅದನ್ನು ದಿನದ ಊಟವಾಗಿಸಬಾರದು.

ಇನ್ನು ಗ್ಲುಕೋಮೀಟರ್. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಕುಳಿತ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಭಯದಿಂದಲೇ 300ರ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಆಚೆಗೂ ಏರಬಲ್ಲದು. ಇದೇ ಕಾರಣಕ್ಕೆ ವೈದ್ಯರು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಮನೆಯಲ್ಲಿ, ತನ್ನ ಜಾಗದಲ್ಲಿ ಮಲಗಿರುವಾಗ ನೋಡಿದ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಕಿವಿಯ ಅಂಚಿನಲ್ಲಿ ಹರಿಯುವ ಸಣ್ಣ ರಕ್ತನಾಳದ ಬಳಿ ಚುಚ್ಚಬೇಕು. ಮೊದಲು ಬೆಚ್ಚನೆಯ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿದರೆ ರಕ್ತ ಸುಲಭವಾಗಿ ಬರುತ್ತದೆ. ಕಿವಿಯ ಹಿಂದೆ ಹತ್ತಿಯ ಉಂಡೆ ಇಟ್ಟುಕೊಂಡರೆ ನಮ್ಮ ಬೆರಳಿಗೆ ಚುಚ್ಚುವುದಿಲ್ಲ. ಬರುವುದು ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ಆದ್ದರಿಂದ ಮೀಟರ್ ಕೊಳ್ಳುವಾಗ ಸ್ಟ್ರಿಪ್ಪಿಗೆ ಎಷ್ಟು ರಕ್ತ ಬೇಕು ಎಂಬುದನ್ನೇ ಮೊದಲು ನೋಡಬೇಕು. ಒಂದರಿಂದ ಎರಡು ಮೈಕ್ರೋಲೀಟರ್ ಕೇಳುವ ಮೀಟರಿಗಿಂತ 0.6 ಮೈಕ್ರೋಲೀಟರ್ ಸಾಕೆನ್ನುವುದು ಎಷ್ಟೋ ಮೇಲು; ಸ್ಟ್ರಿಪ್ ಹಾಳಾಗುವುದೂ ಕಡಿಮೆ, ಎರಡನೆಯ ಸಲ ಚುಚ್ಚಬೇಕಾಗುವುದೂ ಕಡಿಮೆ.

ಮನುಷ್ಯರಿಗಾಗಿ ಮಾಡಿದ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಏಕೆಂದರೆ ಬೆಕ್ಕಿನ ರಕ್ತದಲ್ಲಿ ಗ್ಲುಕೋಸ್ ಬಹುಪಾಲು ಪ್ಲಾಸ್ಮಾ ಎಂಬ ದ್ರವಭಾಗದಲ್ಲೇ ಇರುತ್ತದೆ, ಕೆಂಪು ಕಣಗಳಲ್ಲಿ ತೀರಾ ಕಡಿಮೆ. ಪ್ರಾಣಿಗಳಿಗೆಂದೇ ಹೊಂದಿಸಿದ ಆಲ್ಫಾಟ್ರ್ಯಾಕ್‌ನಂಥ ಮೀಟರ್‌ಗಳು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೂ ಬೀದಿ ತಿರುವಿನ ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ ಸಿಗುವ ಸಾಧಾರಣ ಮೀಟರನ್ನೇ ನಾನು ಆರಿಸಿಕೊಂಡೆ. ಒಂದೇ ಮೀಟರನ್ನು ಬಿಡದೆ ಬಳಸಿ, ಆಸ್ಪತ್ರೆಯ ಪ್ರಯೋಗಾಲಯದ ಅಂಕಿಯೊಂದಿಗೆ ಆಗಾಗ ಹೋಲಿಸಿ, ಯಾವ ಮೀಟರಿನ ಅಂಕಿ ಎಂಬುದನ್ನು ವೈದ್ಯರಿಗೆ ಹೇಳುತ್ತಿದ್ದರೆ ಇದು ಸಾಕಾಗುತ್ತದೆ.

ಅಬ್ಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಮನುಷ್ಯರಿಗಾಗಿ ಮಾಡಿದ್ದಾದರೂ ಪಶುವೈದ್ಯರು ಬೆಕ್ಕುಗಳಿಗೂ ಹಾಕುತ್ತಾರೆ. ಕೂದಲು ಬೋಳಿಸಿದ ಚರ್ಮದ ಮೇಲೆ ಅಂಟಿಸಿದರೆ ಸುಮಾರು ಎರಡು ವಾರ ಕೆಲಸ ಮಾಡುವಂತೆ ರೂಪಿಸಿದ್ದಾರೆ, ಬೆಕ್ಕಿನ ಮೈಮೇಲೆ ಎಷ್ಟೋ ಸಲ ಅದಕ್ಕೂ ಮೊದಲೇ ಕಳಚುತ್ತದೆ. ಇದು ಅಳೆಯುವುದು ಜೀವಕೋಶಗಳ ನಡುವಿನ ದ್ರವದ ಗ್ಲುಕೋಸನ್ನು, ಹಾಗಾಗಿ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಸಕ್ಕರೆ ವೇಗವಾಗಿ ಇಳಿಯುವ ಹೊತ್ತಿನಲ್ಲಿ ಕಿವಿಯ ಹನಿಯನ್ನೇ ನಂಬಬೇಕು. ಇನ್ಸುಲಿನ್ ಪ್ರಮಾಣ ಬದಲಾದಾಗ ಅಥವಾ ಆಹಾರ ಬದಲಿಸುವ ವಾರಗಳಲ್ಲಿ ಒಂದು ಸೆನ್ಸರ್ ಹಾಕಿಸುವುದು ಖರ್ಚಿಗೆ ತಕ್ಕ ಫಲ ಕೊಡುತ್ತದೆ. ವರ್ಷವಿಡೀ ಬೇಕಿಲ್ಲ.

ಸಿರಿಂಜ್ ಅಗ್ಗದ ವಸ್ತು, ಆದರೆ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಬಲಗಳಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ, ಹೆಚ್ಚು ಹೊತ್ತು ಕೆಲಸ ಮಾಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ 100ರ ಬಲದ್ದು. ಲ್ಯಾಂಟಸ್ ಆಗಲಿ, ಬೆಂಗಳೂರಿನ ಬಯೋಕಾನ್ ತಯಾರಿಸುವ ಬೇಸಲಾಗ್ ಆಗಲಿ, ಈ ಮಾತು ಎರಡಕ್ಕೂ ಅನ್ವಯಿಸುತ್ತದೆ. ಇದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಎಳೆದರೆ ಬೆಕ್ಕಿಗೆ ಹೋಗುವುದು ಎರಡೂವರೆ ಪಟ್ಟು. ಒಂದೆರಡು ಯೂನಿಟ್ಟಿನಲ್ಲಿ ಬದುಕುವ ಜೀವಕ್ಕೆ ಅದು ಪ್ರಾಣಾಂತಿಕವಾಗಬಹುದು. ನಮ್ಮ ಬಡಾವಣೆಯ ಅಂಗಡಿಯೊಂದರಲ್ಲಿ ಕೇಳಿದ್ದು ಕಿತ್ತಳೆ, ಕೊಟ್ಟದ್ದು ಕೆಂಪು, "ಎರಡೂ ಒಂದೇ ಸಾರ್" ಎಂಬ ಮಾತು ಬೇರೆ. ಮುಚ್ಚಳದ ಬಣ್ಣವನ್ನೂ ಸಿರಿಂಜಿನ ಮೇಲಿನ ಬರಹವನ್ನೂ ಅಂಗಡಿಯ ಮುಂದೆಯೇ ನಿಂತು ಓದಬೇಕು. ಅರ್ಧ ಯೂನಿಟ್ ಗೆರೆಗಳಿರುವ, 30 ಯೂನಿಟ್ಟಿನ ಸಣ್ಣ ಯು-100 ಸಿರಿಂಜ್ ಸಿಕ್ಕರೆ ಬೇರೆ ಯಾವುದನ್ನೂ ನೋಡಬೇಕಾಗಿಲ್ಲ.

ಸಿರಿಂಜಿನ ಜೊತೆಗೆ ಒಂದು ಚಿಕ್ಕ ಜೇನುತುಪ್ಪದ ಬಾಟಲಿ ಇರಲಿ. ಸಕ್ಕರೆ 60ಕ್ಕಿಂತ ಕೆಳಗಿಳಿದು ಬೆಕ್ಕು ತೂರಾಡಿದರೆ, ನಡುಗಿದರೆ ವಸಡಿಗೆ ಜೇನುತುಪ್ಪ ಸವರಿ ಕೂಡಲೇ ವೈದ್ಯರಿಗೆ ಫೋನ್ ಮಾಡಬೇಕು. ಸೆಳೆತ ಬಂದಿರುವ ಬೆಕ್ಕಿನ ಬಾಯೊಳಗೆ ಏನನ್ನೂ ಸುರಿಯಬಾರದು.

ಇನ್ಸುಲಿನ್ ಬದಲಿಗೆ ಬಾಯಿಯ ಮೂಲಕ ಕೊಡುವ ಔಷಧಿಗಳೂ ಬಂದಿವೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಕ್ಯಾಟ್‌ಗೆ, 2023ರಲ್ಲಿ ಸೆನ್ವೆಲ್ಗೊಗೆ ಒಪ್ಪಿಗೆ ಸಿಕ್ಕಿತು. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಔಷಧಿಗಳು. ಮೂತ್ರಕೋಶದ ಚರಿತ್ರೆ ಇರುವ ಬೆಕ್ಕಿನ ಮನೆಯವರು ಇದನ್ನು ತಿಳಿದುಕೊಂಡೇ ವೈದ್ಯರೊಡನೆ ಮಾತಾಡಬೇಕು. ಗುಂಡ ಇನ್ಸುಲಿನ್‌ನಲ್ಲೇ ಇದ್ದಾನೆ.

ಕೊನೆಯದಾಗಿ ಟ್ರೇಯ ಮರಳು. ಇದರ ವಿಮರ್ಶೆಯಲ್ಲಿ ಎಲ್ಲರೂ ವಾಸನೆಯ ಬಗ್ಗೆ ಬರೆಯುತ್ತಾರೆ, ನನಗೆ ಮುಖ್ಯವಾಗಿ ಬೇಕಾದದ್ದು ಮೂತ್ರ ಬಿದ್ದ ಕಡೆ ಗಟ್ಟಿಯಾದ, ಒಡೆಯದ ಉಂಡೆ. ಬೆಂಟೊನೈಟ್ ಜೇಡಿಯ ಮರಳು ಇದನ್ನು ಕೊಡುತ್ತದೆ. ಸಿಲಿಕಾ ಹರಳು ಮೂತ್ರವನ್ನು ಹೀರಿ ಅಡಗಿಸಿಬಿಡುತ್ತದೆ, ಮರದ ಪುಡಿಯ ಗುಳಿಗೆಗಳು ಪುಡಿಯಾಗಿ ಹರಡುತ್ತವೆ. ಆರೋಗ್ಯವಂತ ಬೆಕ್ಕಿಗೆ ಅವು ಚೆನ್ನಾಗಿರಬಹುದು, ಇಂಥ ಬೆಕ್ಕಿಗೆ ಬೇಡ. ರಕ್ತದಲ್ಲಿ ಸಕ್ಕರೆ ಸುಮಾರು 250ರಿಂದ 290 ದಾಟಿದಾಗ ಅದು ಮೂತ್ರಕ್ಕೆ ಸೋರುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಉಂಡೆಗಳು ಅಂಗೈ ಅಗಲವಾಗುತ್ತವೆ. ಚಿಕಿತ್ಸೆ ಹತ್ತಿದಂತೆ ಅವು ಚಿಕ್ಕದಾಗುತ್ತವೆ, ಮನಸ್ಸಿಗೆ ಹಿತವೆನಿಸುತ್ತದೆ. ಆದರೆ ಉಂಡೆ ಚಿಕ್ಕದಾಗುವುದು ಮೂತ್ರನಾಳ ಕಟ್ಟಿಕೊಳ್ಳುತ್ತಿರುವುದರ ಗುರುತೂ ಹೌದು. ಎರಡನ್ನೂ ಬೇರ್ಪಡಿಸಿ ನೋಡಲು ಗಾತ್ರದ ಜೊತೆಗೆ ಸಂಖ್ಯೆಯನ್ನೂ ಗಮನಿಸಬೇಕು. ಮಧ್ಯಮ ಗಾತ್ರದ ಕೆಲವೇ ಉಂಡೆಗಳು, ನೀರು ಕುಡಿಯುವುದು ಇಳಿದಿದೆ, ಬೆಕ್ಕು ಲವಲವಿಕೆಯಿಂದಿದೆ ಎಂದರೆ ಸಕ್ಕರೆ ಹತೋಟಿಗೆ ಬರುತ್ತಿರಬಹುದು, ಮೀಟರ್ ಅದನ್ನು ದೃಢಪಡಿಸುತ್ತದೆ. ನಾಣ್ಯದಷ್ಟೇ ಸಣ್ಣ ಉಂಡೆಗಳು ಅಲ್ಲಲ್ಲಿ ಬಿದ್ದಿವೆ, ಬಣ್ಣ ನಸುಗೆಂಪಾಗಿದೆ, ಬೆಕ್ಕು ಟ್ರೇಯಲ್ಲಿ ಹೆಚ್ಚು ಹೊತ್ತು ಕುಕ್ಕರಿಸುತ್ತದೆ ಎಂದರೆ ಅದು ಮೂತ್ರಕೋಶದ ತೊಂದರೆ. ಸಕ್ಕರೆ ಕಾಯಿಲೆಯ ಬೆಕ್ಕುಗಳಿಗೆ ಮೂತ್ರದ ಸೋಂಕು ಬೇಗ ತಗಲುವುದರಿಂದ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊರಗೆ ಏನೂ ಕಾಣಿಸದೆಯೂ ಸೋಂಕು ಇರಬಲ್ಲದು.

ನೀರು ಹೀರದ ಪ್ಲಾಸ್ಟಿಕ್ ಮಣಿಗಳನ್ನು ಒಂದು ಖಾಲಿ ಟ್ರೇಗೆ ಹಾಕಿಟ್ಟರೆ ಮನೆಯಲ್ಲೇ ಮೂತ್ರ ಸಂಗ್ರಹಿಸಬಹುದು. ಗ್ಲುಕೋಸ್ ಮತ್ತು ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ವಸ್ತು) ಎರಡನ್ನೂ ತೋರಿಸುವ ಪರೀಕ್ಷಾ ಪಟ್ಟಿಗಳನ್ನು ಇದರ ಜೊತೆ ಇಟ್ಟುಕೊಳ್ಳುವುದು ಲೇಸು. ಊಟ ಬಿಟ್ಟು, ವಾಂತಿ ಮಾಡುತ್ತ ಮಂಕಾಗಿರುವ ಬೆಕ್ಕಿನ ಮೂತ್ರದಲ್ಲಿ ಕೀಟೋನ್ ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಒಂದು ಹನಿಯೂ ಬಾರದೆ ಕೂಗಿಕೊಂಡರೂ ಹಾಗೆಯೇ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಆ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗುವಾಗ ಕೊನೆಯ ಇನ್ಸುಲಿನ್ ಯಾವಾಗ, ಎಷ್ಟು ಯೂನಿಟ್, ಕೊನೆಯ ಊಟ ಯಾವಾಗ, ಕೊನೆಯ ಮೀಟರ್ ಅಂಕಿ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು, ಏಕೆಂದರೆ ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕುವ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇವೂ ಇರುತ್ತವೆ.