ಗೋಡಾಕ್ಸ್ ಟಿಟಿ600: ಒಂದೇ ಫ್ಲ್ಯಾಶಿನಲ್ಲಿ ನಮ್ಮ ಬೀದಿಯ ಇಪ್ಪತ್ತು ಮುಖಗಳು

ಬೆಂಗಳೂರಿನ ಗವಿಪುರದ ನಮ್ಮ ಅಡ್ಡರಸ್ತೆಯಲ್ಲಿ ದಿನವೂ ಕಣ್ಣಿಗೆ ಬೀಳುವ ಇಪ್ಪತ್ತು ಜನರ ಭಾವಚಿತ್ರ ತೆಗೆಯಬೇಕು, ಎಲ್ಲಕ್ಕೂ ಒಂದೇ ದೀಪ ಬಳಸಬೇಕು ಎಂದು ನನಗೆ ನಾನೇ ನಿಯಮ ಹಾಕಿಕೊಂಡು ಕಳೆದ ವರ್ಷ ಗೋಡಾಕ್ಸ್ ಟಿಟಿ600 ಫ್ಲ್ಯಾಶ್ ಕೊಂಡೆ. ಆಗಿನ ಬೆಲೆ ಆರು ಸಾವಿರ ರೂಪಾಯಿಯ ಆಸುಪಾಸು. ವಾರದಲ್ಲಿ ಆರು ದಿನ ಕಚೇರಿ, ಉಳಿದದ್ದು ಭಾನುವಾರದ ಬೆಳಗು. ಹಾಗಾಗಿ ಇಪ್ಪತ್ತು ಚಿತ್ರಗಳು ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಈ ಒಂದು ವರ್ಷದ ಬಳಕೆಯ ಆಧಾರದ ಮೇಲೆ, ಭಾವಚಿತ್ರದ ಬೆಳಕನ್ನು ಕಲಿಯಬೇಕೆನ್ನುವವರಿಗೆ ಈ ಸಾಧನ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ.

ಈ ಫ್ಲ್ಯಾಶಿನಲ್ಲಿ ಟಿಟಿಎಲ್ ಇಲ್ಲ. ಅಂದರೆ, ಎಷ್ಟು ಬೆಳಕು ಬೇಕೆಂದು ಕ್ಯಾಮೆರಾ ಅಳೆದು ಹೇಳುವುದಿಲ್ಲ. ಪೂರ್ಣ ಶಕ್ತಿಯಿಂದ 1/128ರವರೆಗೆ ಎಷ್ಟಿರಬೇಕೆಂದು ನಾವೇ ತೀರ್ಮಾನಿಸಬೇಕು. 2.4 ಗಿಗಾಹರ್ಟ್ಸ್ ರಿಸೀವರ್ ಒಳಗೇ ಇರುವುದರಿಂದ ಕ್ಯಾಮೆರಾದ ಮೇಲೆ ಅದೇ ಕಂಪನಿಯ ಒಂದು ಟ್ರಿಗರ್ (ಫ್ಲ್ಯಾಶಿಗೆ ರೇಡಿಯೋ ಸಂಕೇತ ಕಳಿಸುವ ಪುಟ್ಟ ಸಾಧನ) ಕೂರಿಸಿದರೆ ಫ್ಲ್ಯಾಶನ್ನು ದೂರದ ಸ್ಟ್ಯಾಂಡಿನ ಮೇಲೆ ಇಡಬಹುದು, ಶಕ್ತಿಯನ್ನು ನಿಂತಲ್ಲಿಂದಲೇ ಬದಲಿಸಬಹುದು. ಟ್ರಿಗರಿಗೆ ಬೇರೆ ಹಣ ಎಂಬುದನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಫ್ಲ್ಯಾಶಿನ ಬಲವನ್ನು ಸೂಚಿಸಲು ಕಂಪನಿ ಹೇಳುವ 60ರ ಗೈಡ್ ನಂಬರನ್ನು ನೋಡಿ ಹಿಗ್ಗುವುದೂ ಬೇಡ. ಅದು ಐಎಸ್‌ಒ 100ರಲ್ಲಿ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿದೆ ಎಂಬುದರ ಅಳತೆ ಇದು), ಫ್ಲ್ಯಾಶಿನ ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿ ಬೆಳಕನ್ನು ಕಿರಿದಾಗಿ ಹಾಯಿಸಿದಾಗಿನ ಲೆಕ್ಕ. ತಲೆಯನ್ನು ಅಗಲಿಸಿ, ಬೆಳಕನ್ನು ಹರಡಲೆಂದು ಫ್ಲ್ಯಾಶಿನ ಮುಂದೆ ಕಟ್ಟುವ ಬಿಳಿ ಛತ್ರಿಯ ಮೂಲಕ ಹಾಯಿಸಿದರೆ ಅದರಲ್ಲಿ ಸಣ್ಣದೊಂದು ಪಾಲು ಮಾತ್ರ ಮುಖದ ಮೇಲೆ ಬೀಳುತ್ತದೆ.

ಟಿಟಿಎಲ್ ಇಲ್ಲದಿರುವುದನ್ನು ಹಲವರು ಕೊರತೆಯೆಂದು ಪಟ್ಟಿಮಾಡುತ್ತಾರೆ. ಕಲಿಯುವವನಿಗೆ ಇದೇ ಈ ಫ್ಲ್ಯಾಶಿನ ದೊಡ್ಡ ಅನುಕೂಲ ಎಂಬುದು ನನ್ನ ಅಭಿಪ್ರಾಯ, ಮತ್ತು ಆ ಅಭಿಪ್ರಾಯ ಬಂದದ್ದು ನಮ್ಮ ಕಾಂಪೌಂಡಿನ ಹಳದಿ ಗೋಡೆಯಿಂದ. ಮೊದಲ ಭಾನುವಾರ ಎದುರುಮನೆಯ ಹುಡುಗನನ್ನು ಪೋರ್ಟಿಕೋದ ನೆರಳಿನಲ್ಲಿ ಆ ಗೋಡೆಯ ಮುಂದೆ ನಿಲ್ಲಿಸಿ, ಫ್ಲ್ಯಾಶನ್ನು ಅವನ ಮುಖದಿಂದ ಒಂದು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಓರೆಯಾಗಿ ಇಟ್ಟೆ. ಐಎಸ್‌ಒ 100, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/5.6, ಶಟರ್ 1/160 ಸೆಕೆಂಡ್, ಫ್ಲ್ಯಾಶ್ 1/8ರಲ್ಲಿ ಇದ್ದಾಗ ಮುಖ ಸರಿಯಾಗಿ ಬಂತು. ಸ್ಟ್ಯಾಂಡನ್ನು ಎರಡು ಮೀಟರಿಗೆ ಹಿಂದಕ್ಕೆ ಸರಿಸಿದಾಗ ಅದೇ ಮುಖ ಕಪ್ಪಾಯಿತು, ಏಕೆಂದರೆ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲಿನಂತೆ ಬೆಳಗಲು ಶಕ್ತಿಯನ್ನು 1/2ಕ್ಕೆ ಏರಿಸಬೇಕಾಯಿತು. ಸ್ವಯಂಚಾಲಿತ ಫ್ಲ್ಯಾಶ್ ಆಗಿದ್ದರೆ ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿ ನನ್ನಿಂದ ಮುಚ್ಚಿಡುತ್ತಿತ್ತು.

ಆದರೆ ನಿಜವಾದ ಪಾಠ ಮುಖದಲ್ಲಿರಲಿಲ್ಲ, ಹಿಂದಿನ ಗೋಡೆಯಲ್ಲಿತ್ತು. ಹುಡುಗ ಗೋಡೆಯಿಂದ ಒಂದು ಮೀಟರ್ ಮುಂದೆ ನಿಂತಿದ್ದ. ದೀಪ ಅವನಿಗೆ ಒಂದು ಮೀಟರ್ ಹತ್ತಿರವಿದ್ದಾಗ ಗೋಡೆಗೆ ಎರಡು ಮೀಟರ್ ದೂರವಾಗುತ್ತದೆ, ಹಾಗಾಗಿ ಗೋಡೆಗೆ ಸಿಗುವುದು ಮುಖಕ್ಕೆ ಸಿಕ್ಕ ಬೆಳಕಿನ ಕಾಲು ಭಾಗ. ಚಿತ್ರದಲ್ಲಿ ಹಳದಿ ಗೋಡೆ ಕಂದುಬಣ್ಣಕ್ಕೆ ತಿರುಗಿ ಹಿಂದೆ ಸರಿಯುತ್ತದೆ. ಅದೇ ದೀಪವನ್ನು ಮೂರು ಮೀಟರ್ ದೂರಕ್ಕೆ ಒಯ್ದರೆ ಮುಖಕ್ಕೆ ಮೂರು, ಗೋಡೆಗೆ ನಾಲ್ಕು. ವ್ಯತ್ಯಾಸ ಒಂದು ಸ್ಟಾಪಿಗಿಂತಲೂ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ ಆಗುವುದು) ಕಡಿಮೆಯಾಗಿ ಗೋಡೆ ತನ್ನ ಹಳದಿಯನ್ನೆಲ್ಲ ತೋರಿಸುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಿಲೋಮ ವರ್ಗ ನಿಯಮ ಹಿನ್ನೆಲೆಯ ಬಣ್ಣವನ್ನು ಆಯ್ದುಕೊಳ್ಳುವ ಉಪಾಯವೂ ಹೌದೆಂದು ನನಗೆ ಹೊಳೆದದ್ದು ಆಗಲೇ. ಮೂರು ಭಾನುವಾರಗಳನ್ನು ಇದೊಂದಕ್ಕೇ ಕಳೆದೆ. ಹುಡುಗ ಪಾಪ, ಮೂರನೆಯ ವಾರ ಕ್ರಿಕೆಟ್ ಬ್ಯಾಟು ಹಿಡಿದು ಹಿತ್ತಿಲಿನಿಂದ ತಪ್ಪಿಸಿಕೊಂಡ.

ನನ್ನ ಕೈಯನ್ನು ಚೆನ್ನಾಗಿ ಪಳಗಿಸಿದವರು ಗಾಂಧಿಬಜಾರಿನಿಂದ ಹೂ ತಂದು ನಮ್ಮ ಬೀದಿಯ ಮೂಲೆಯಲ್ಲಿ ಮಾರುವ ಅಜ್ಜಿ. ಅವರದು ಕಡುಗಪ್ಪು ಮೈಬಣ್ಣ, ಬೆಳ್ಳನೆಯ ಕೂದಲು, ಎದುರಿಗೆ ಬುಟ್ಟಿ ತುಂಬ ಮಲ್ಲಿಗೆ. ಮುಖ ಕಾಣಲೆಂದು ಶಕ್ತಿ ಏರಿಸಿದರೆ ಮಲ್ಲಿಗೆಯೂ ಕೂದಲೂ ವಿವರವಿಲ್ಲದೆ ಬಿಳಿಚಿಕೊಳ್ಳುತ್ತಿದ್ದವು. ಇಳಿಸಿದರೆ ಮುಖ ಹೋಗುತ್ತಿತ್ತು. ಜೊತೆಗೆ ಹಣೆಯ ಮೇಲೆ ಎಣ್ಣೆಯ ಹೊಳಪು. "ಅಜ್ಜಿ, ಮುಖ ಸ್ವಲ್ಪ ಒರೆಸ್ಕೊತೀರಾ?" ಎಂದರೆ, "ಹಬ್ಬದ ದಿನ ಎಣ್ಣೆ ಹಚ್ಕೊಂಡಿರೋದು ಒರೆಸೋಕಾ? ನೀನೇ ಏನಾದ್ರೂ ಮಾಡ್ಕೋ ಹೋಗಪ್ಪಾ" ಎಂದರು. ಮಾಡಿಕೊಂಡದ್ದು ಇಷ್ಟು: ಛತ್ರಿಯನ್ನು ಚೌಕಟ್ಟಿನ ಅಂಚಿಗೆ ತಾಗುವಷ್ಟು ಹತ್ತಿರಕ್ಕೆ, ಪಕ್ಕಕ್ಕೆ ತಂದು ಶಕ್ತಿಯನ್ನು ಇಳಿಸಿದೆ. ದೀಪ ಮುಖದ ಅಳತೆಗೆ ಹೋಲಿಸಿದರೆ ದೊಡ್ಡದಾದಷ್ಟೂ ಹೊಳಪು ಒಂದೇ ಬಿಂದುವಿನಲ್ಲಿ ಕುದಿಯದೆ ಹಣೆಯ ಮೇಲೆ, ಕೆನ್ನೆಯ ಮೂಳೆಯ ಮೇಲೆ ಹರಡಿಕೊಳ್ಳುತ್ತದೆ. ಕಪ್ಪು ಚರ್ಮದಲ್ಲಿ ಮುಖದ ಆಕಾರವನ್ನು ಬಿಡಿಸಿ ತೋರಿಸುವುದು ಈ ಹರಡಿದ ಹೊಳಪೇ. ಬುಟ್ಟಿಯನ್ನು ದೀಪದಿಂದ ದೂರದ ಮಗ್ಗುಲಿಗೆ ಸರಿಸಿದೆ, ಮಲ್ಲಿಗೆ ಎಸಳೆಸಳಾಗಿ ಉಳಿಯಿತು. ಬೆಳಕಿನ ಬಗ್ಗೆ ಕಲಿಸುವ ವಿಡಿಯೋಗಳಲ್ಲಿ ನಾನು ನೋಡಿದ ಬಹುಪಾಲು ಮುಖಗಳು ತಿಳಿಬಣ್ಣದವು, ಆದ್ದರಿಂದ ಅಲ್ಲಿನ ಅಳತೆಗಳನ್ನು ನಮ್ಮ ಬೀದಿಗೆ ಹಾಗೆಯೇ ತಂದರೆ ಕೆಲಸಕ್ಕೆ ಬರುವುದಿಲ್ಲ.

ಪ್ರಿಂಟು ಕೊಟ್ಟಾಗ ಅಜ್ಜಿ ನೆರಳಿದ್ದ ಕೆನ್ನೆಯನ್ನು ತೋರಿಸಿ, "ಈ ಕಡೆ ಕರೆಂಟ್ ಇರ್ಲಿಲ್ವಾ?" ಎಂದು ಕೇಳಿದರು. ಮರುವಾರ ಆ ಮಗ್ಗುಲಿಗೆ ಒಂದು ಥರ್ಮಾಕೋಲ್ ಹಾಳೆ ಹಿಡಿದು ಮತ್ತೊಂದು ಚಿತ್ರ ತೆಗೆದುಕೊಟ್ಟೆ. ಅವರ ಮನೆಯ ಗೋಡೆಯಲ್ಲಿರುವುದು ಅದು. ನನಗೆ ಈಗಲೂ ಮೊದಲನೆಯದೇ ಇಷ್ಟ.

ಕನ್ನಡಕದ ಮೇಷ್ಟ್ರ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ: ಸ್ಟ್ಯಾಂಡನ್ನು ಎತ್ತರಿಸಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿಸಿದರೆ ಗಾಜಿನಲ್ಲಿ ಛತ್ರಿಯ ಪ್ರತಿಬಿಂಬ ಕಾಣುವುದಿಲ್ಲ. ಇಸ್ತ್ರಿ ಅಂಗಡಿಯ ಅಣ್ಣನ ಚಿತ್ರದಲ್ಲಿ ಮಾತ್ರ ತೊಡಕು ಬೇರೆಯದಾಗಿತ್ತು. ಅವರ ಗೂಡಂಗಡಿಯ ಬಲ್ಬು ಕೆಂಪು ಮಿಶ್ರಿತ ಹಳದಿ, ಫ್ಲ್ಯಾಶಿನ ಬೆಳಕು ಸುಮಾರು 5600 ಕೆಲ್ವಿನ್‌ನ ಹಗಲಿನ ಬಿಳುಪು. ಎರಡೂ ಸೇರಿ ಅವರ ಒಂದು ಕಿವಿ ಕಿತ್ತಳೆ, ಇನ್ನೊಂದು ನೀಲಿಯಾಯಿತು. ಮಿಠಾಯಿ ಡಬ್ಬಿಯ ಬಣ್ಣದ ಹಾಳೆಯನ್ನು ಫ್ಲ್ಯಾಶಿಗೆ ಸುತ್ತಿ ನೋಡಿ ಕೈಸುಟ್ಟುಕೊಂಡ ಮೇಲೆ, ಫ್ಲ್ಯಾಶಿನ ಬೆಳಕನ್ನು ಕಿತ್ತಳೆಗೆ ತಿರುಗಿಸಲೆಂದೇ ಸಿಗುವ ಸಿಟಿಒ ಜೆಲ್ ಹಾಳೆ ತಂದು ಎರಡೂ ಬೆಳಕನ್ನು ಒಂದೇ ಬಣ್ಣಕ್ಕೆ ತಂದೆ.

ಈ ಫ್ಲ್ಯಾಶ್ ಸೋಲುವುದು ಬಿಸಿಲಿನಲ್ಲಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯ ನಡುಹಗಲಿಗೆ ನೆತ್ತಿಯ ನೇರಕ್ಕೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಮಕ್ಕಳು ಸಂಭ್ರಮಿಸುವ ಆ ಹೊತ್ತಿನಲ್ಲಿ ನೆರಳೆಲ್ಲ ಹೋಗಿ ಕೂರುವುದು ಮನುಷ್ಯರ ಕಣ್ಣಗುಳಿಗಳಲ್ಲಿ. ಅದನ್ನು ತುಂಬಲು ಏಪ್ರಿಲಿನಲ್ಲಿ ತಾರಸಿಯ ಮೇಲೆ ಪ್ರಯತ್ನಿಸಿದೆ. ನನ್ನ ಕ್ಯಾನನ್ 200ಡಿ ಕ್ಯಾಮೆರಾದ ಸಿಂಕ್ ವೇಗ, ಅಂದರೆ ಫ್ಲ್ಯಾಶಿನ ಜೊತೆ ಬಳಸಬಹುದಾದ ಅತಿ ವೇಗದ ಶಟರ್, 1/200 ಸೆಕೆಂಡ್. ಅದಕ್ಕಿಂತ ವೇಗಕ್ಕೆ ಹೋದರೆ ಶಟರಿನ ಪರದೆ ಅಡ್ಡಬಂದು ಚಿತ್ರದಲ್ಲಿ ಕಪ್ಪುಪಟ್ಟಿ ಮೂಡುತ್ತದೆ, ಅದಕ್ಕೆ ಹೊಂದಿಕೊಂಡು ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ ಎಫ್/11, ಎಫ್/16ಕ್ಕೆ ಹೋದರೆ ಛತ್ರಿಯ ಮೂಲಕ ಪೂರ್ಣ ಶಕ್ತಿಯೂ ಸಾಲದು ಎನ್ನುವಂತಾಗುತ್ತದೆ. ಇನ್ನೂ ವೇಗದ ಶಟರಿನಲ್ಲೂ ಫ್ಲ್ಯಾಶ್ ಬೆಳಗುವ ಹೈಸ್ಪೀಡ್ ಸಿಂಕ್ ಇದೆ, ಟ್ರಿಗರಿನ ಮೂಲಕ ದೂರದಲ್ಲಿಟ್ಟಾಗ ಮಾತ್ರ; ಆದರೆ ಆ ವಿಧಾನದಲ್ಲಿ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ಮುಂಗಾರಿನ ಮೋಡ ಕವಿದ ಬೆಳಗುಗಳಲ್ಲಿ ಇದೇ ಫ್ಲ್ಯಾಶ್ ಎಷ್ಟು ಸಲೀಸಾಗಿ ಕೆಲಸ ಮಾಡಿತೆಂದರೆ ಇಪ್ಪತ್ತರಲ್ಲಿ ಹನ್ನೊಂದು ಚಿತ್ರಗಳು ಜೂನ್ ಮತ್ತು ಸೆಪ್ಟೆಂಬರ್ ನಡುವೆಯೇ ಮುಗಿದವು.

ನಾಲ್ಕು ಎಎ ಸೆಲ್‌ಗಳ ಮೇಲೆ ನಡೆಯುವುದು ಅನುಕೂಲವೂ ಹೌದು, ಕಿರಿಕಿರಿಯೂ ಹೌದು. ಕಿರಾಣಿ ಅಂಗಡಿಯ ಸಾಮಾನ್ಯ ಸೆಲ್ ಹಾಕಿದರೆ ಎರಡು ಹೊಡೆತಗಳ ನಡುವೆ ಕಾಯುತ್ತ ಕೂರಬೇಕು, ಅಷ್ಟರಲ್ಲಿ ಎದುರಿಗೆ ಕೂತವರ ನಗು ಆರಿಹೋಗಿರುತ್ತದೆ. ಎಸ್.ಪಿ. ರಸ್ತೆಯಿಂದ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಎರಡು ಜೊತೆ ತಂದ ಮೇಲೆ ಆ ಗೋಳು ತಪ್ಪಿತು. ಉಳಿದ ಗೋಳುಗಳಿಗೆ ಫ್ಲ್ಯಾಶ್ ಕಾರಣವಲ್ಲ. ಒಂದು ಆನ್‌ಲೈನ್ ಅಂಗಡಿಯವರು ನಿಕಾನ್‌ಗೆ ಹೊಂದುವ ಟ್ರಿಗರ್ ಕಳಿಸಿ, ಬದಲಿಸಿಕೊಡಲು ಮೂರು ವಾರ ಓಡಾಡಿಸಿದರು. ಇನ್ನೊಂದು ಕಡೆ ಕೊಂಡ ಅಗ್ಗದ ಛತ್ರಿ ಬ್ರ್ಯಾಕೆಟ್ಟಿನ ತಿರುಪು ತಿಂಗಳಿಗೇ ಸವೆದುಹೋಯಿತು. ಆಷಾಢದ ಗಾಳಿಗೆ ಛತ್ರಿ ಸಮೇತ ಸ್ಟ್ಯಾಂಡ್ ಮಗುಚಿಬಿದ್ದದ್ದಂತೂ ನನ್ನದೇ ಅಜಾಗರೂಕತೆ. ಈಗ ಐದು ಲೀಟರಿನ ನೀರಿನ ಕ್ಯಾನನ್ನು ಸ್ಟ್ಯಾಂಡಿಗೆ ನೇತುಹಾಕದೆ ಫ್ಲ್ಯಾಶ್ ಹೊರಗೆ ತೆಗೆಯುವುದಿಲ್ಲ. ಬಿದ್ದ ಫ್ಲ್ಯಾಶ್ ಇಂದಿಗೂ ಕೆಲಸ ಮಾಡುತ್ತಿದೆ.

ಕೊಳ್ಳುವ ಮುನ್ನ ತಪ್ಪದೆ ನೋಡಬೇಕಾದದ್ದು ಒಂದಿದೆ. ಕ್ಯಾನನ್‌ನ 3000ಡಿ, 200ಡಿ ಮಾರ್ಕ್ 2 ಮುಂತಾದ ಕೆಲವು ಕ್ಯಾಮೆರಾಗಳ ಹಾಟ್ ಶೂನಲ್ಲಿ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಸಂಪರ್ಕಬಿಂದು ಇಲ್ಲ. ಅವುಗಳ ಮೇಲೆ ನೇರವಾಗಿ ಕೂರಿಸಿದರೆ ಟಿಟಿ600 ಹೊತ್ತಿಕೊಳ್ಳುವುದೇ ಇಲ್ಲ, ಅವುಗಳಿಗೆ ಹೊಂದುವ ಟ್ರಿಗರನ್ನೇ ಕೇಳಿ ತರಬೇಕು. ಮದುವೆ, ನಾಮಕರಣಗಳಲ್ಲಿ ಓಡಾಡುತ್ತ ಚಿತ್ರ ತೆಗೆಯುವವರಿಗೆ ಈ ಫ್ಲ್ಯಾಶನ್ನು ನಾನು ಶಿಫಾರಸು ಮಾಡುವುದಿಲ್ಲ. ಜನ ಹತ್ತಿರ ದೂರ ಸರಿಯುತ್ತಿರುವಲ್ಲಿ ಟಿಟಿಎಲ್ ಇರಲೇಬೇಕು. ಒಬ್ಬರನ್ನು ಕೂರಿಸಿ, ಕಾಫಿ ಕೊಟ್ಟು, ನಿಧಾನವಾಗಿ ಒಂದು ಮುಖವನ್ನು ಬೆಳಗಲು ಬಯಸುವವರು ಕಣ್ಣುಮುಚ್ಚಿ ಕೊಳ್ಳಬಹುದು. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಅದೇ ಕಂಪನಿಯ, ಟಿಟಿಎಲ್ ಇಲ್ಲದ, ಆದರೆ ಲಿಥಿಯಂ ಬ್ಯಾಟರಿಯ ವಿ850 3 ಮಾದರಿಯನ್ನು ನೋಡಬಹುದು. ಮುಂದಿನ ಬೀದಿಯ ಇಪ್ಪತ್ತು ಜನರಿಗೆ ನಾನು ಎರಡನೆಯ ದೀಪವಾಗಿ ಕೊಳ್ಳಲಿರುವುದು ಅದನ್ನೇ.