ತೋಟದ ಲೆಕ್ಕಕ್ಕೆ ಡಾಕರ್ ಹಾಕಿ ನೋಡ್ದೆ, 5ಕ್ಕೆ 4

ಮೂಡಿಗೆರೆ ಹತ್ರ ದೊಡ್ಡಪ್ಪನ ಕಾಫಿ ತೋಟ ಇದೆ, ಅಲ್ಲಿ ಕುಯ್ಲಿನ ಲೆಕ್ಕಕ್ಕೆ ಅಂತ ಗೋ ಭಾಷೇಲಿ ಒಂದು ಚಿಕ್ಕ ಪ್ರೋಗ್ರಾಂ ಬರ್ದೆ. ಯಾರು ಎಷ್ಟು ಕೆಜಿ ಹಣ್ಣು ಕುಯ್ದ್ರು, ವಾರದ ಬಟವಾಡೆ ಎಷ್ಟು, ಅಷ್ಟೆ. ಗೋ ಅಂದ್ರೆ ಬೈನರಿ (ಕಂಪೈಲ್ ಆಗಿ ನೇರ ಓಡೋ ಫೈಲು) ಒಂದು ಕಾಪಿ ಮಾಡಿದ್ರೆ ಸಾಕಲ್ವ, ಡಾಕರ್ (ಪ್ರೋಗ್ರಾಂನ ಅದಕ್ಕೆ ಬೇಕಾದ್ದರ ಜೊತೆ ಒಂದೇ ಡಬ್ಬಿಗೆ ತುಂಬಿ ಓಡಿಸೋ ಸಾಧನ) ಯಾಕೆ ಅಂತ ಕೇಳ್ತೀರ, ನಾನೂ ಹಂಗೇ ಅನ್ಕೊಂಡಿದ್ದೆ, ಆದ್ರೆ ಲೆಕ್ಕ ಇಡೋ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೆ ನಾನು ಹಾಕಿದ್ದು cgo (ಗೋ ಒಳಗೆ ಸಿ ಕೋಡ್ ಸೇರಿಸೋ ದಾರಿ) ಬೇಕಾಗೋ ಡ್ರೈವರು, ಸಿ ಲೈಬ್ರರಿ ಜೊತೆ ಗಂಟು ಬೀಳುತ್ತೆ, ತೋಟದ ಲೆಕ್ಕ ಬರೆಯೋ ರೈಟ್ರ ಹಳೇ ಲ್ಯಾಪ್‌ಟಾಪಲ್ಲಿ ಓಡ್ಲೇ ಇಲ್ಲ.

ಮೊದಲ್ನೇ ಸಲ ದಡ್ಡನ ಥರ ಕಂಪೈಲರ್ ಇರೋ ಗೋಲಾಂಗ್ ಇಮೇಜನ್ನೇ (ಡಾಕರ್ ತುಂಬಿಟ್ಟ ಡಬ್ಬಿ) ಇಡಿಯಾಗಿ ಕಳ್ಸಕ್ಕೆ ಹೋದೆ, 800 ಎಂಬಿ ಮೇಲೆ. ಅಲ್ಲಿ ಕಾಫಿ ಕಣದ ಮೂಲೇಲಿ ನಿಂತ್ರೆ ಎರಡು ಕಡ್ಡಿ ಸಿಗ್ನಲ್ಲು ಕಣ್ರೀ, ರಾತ್ರಿಯೆಲ್ಲ ಡೌನ್‌ಲೋಡ್ ಆಗ್ತಾನೇ ಇತ್ತು, ಬೆಳಗ್ಗೆ ನೋಡಿದ್ರೆ ಕರೆಂಟ್ ಹೋಗಿತ್ತು.

ಆಮೇಲೆ ಮಲ್ಟಿ ಸ್ಟೇಜ್ ಬಿಲ್ಡ್ ಹಿಡ್ಕೊಂಡೆ. 2017ರಿಂದಾನೇ ಇದೆ ಇದು, ನನಗೇ ತಡವಾಗಿ ಗೊತ್ತಾಯ್ತು. ಒಂದೇ ಡಾಕರ್‌ಫೈಲಲ್ಲಿ (ಇಮೇಜ್ ಕಟ್ಟೋ ಪಟ್ಟಿ) ಎರಡು ಫ್ರಮ್ ಲೈನು (ಯಾವ ಇಮೇಜಿಂದ ಶುರು ಅನ್ನೋದು), ಮೊದಲ್ನೇದ್ರಲ್ಲಿ ಕಂಪೈಲು, ಎರಡನೇದಕ್ಕೆ ಬೈನರಿ ಮಾತ್ರ ಕಾಪಿ. ಅರೇಬಿಕಾ ಪಲ್ಪರ್‌ಗೆ ಹಾಕಿ ಸಿಪ್ಪೆ ಅಲ್ಲೇ ಬಿಟ್ಟು ಬೀಜ ಕಣಕ್ಕೆ ತರ್ತಾರಲ್ಲ, ಹಂಗೆ. ಬೇಕಾದ ಪ್ಯಾಕೇಜ್ ಪಟ್ಟಿ ಇರೋ ಗೋ ಡಾಟ್ ಮಾಡ್ ಫೈಲನ್ನ ಮೊದ್ಲೇ ಕಾಪಿ ಮಾಡ್ಕೊಂಡು ಪ್ಯಾಕೇಜ್ ಇಳಿಸ್ಕೊಂಬಿಟ್ರೆ, ಕೋಡ್ ಬದಲಾದಾಗೆಲ್ಲ ಮತ್ತೆ ಇಳಿಸೋ ಕರ್ಮ ಇಲ್ಲ.

ಇಲ್ಲೂ ಒಂದು ಗುಂಡಿಗೆ ಬಿದ್ದೆ. ಡೆಬಿಯನ್ ಲಿನಕ್ಸಲ್ಲಿ ಕಂಪೈಲ್ ಮಾಡಿ, ತುಂಬಾ ಚಿಕ್ಕ ಲಿನಕ್ಸ್ ಆದ ಆಲ್ಪೈನ್‌ಗೆ ಹಾಕ್ದೆ, "ಅಂಥ ಫೈಲೇ ಇಲ್ಲ" ಅಂತ ಎರರ್ರು. ಫೈಲು ಕಣ್ಣೆದುರಿಗೇ ಇದೆ! ಅರ್ಧ ದಿನ ತಲೆ ಕೆಟ್ಟೋಯ್ತು. ಇಲ್ಲದೇ ಇದ್ದಿದ್ದು ಆ ಬೈನರಿ ಕೇಳೋ, ಡೆಬಿಯನ್ನಿನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಲೋಡರ್ರು, ಆಲ್ಪೈನಲ್ಲಿ ಇರೋದು ಮಸಲ್ ಅನ್ನೋ ಬೇರೆ ಸಿ ಲೈಬ್ರರಿ. ಎರಡೂ ಸ್ಟೇಜು ಆಲ್ಪೈನೇ ಮಾಡಿ, ಬಿಲ್ಡ್ ಸ್ಟೇಜಿಗೆ ಜಿಸಿಸಿ (ಸಿ ಕಂಪೈಲರ್), ಮಸಲ್-ಡೆವ್ ಹಾಕ್ದೆ, ಸರಿಹೋಯ್ತು. ಕೊನೇ ಇಮೇಜು 25 ಎಂಬಿ ಒಳಗೆ.

ಓಡಿಸಕ್ಕೆ ಶುರು ಮಾಡಿದ್ಮೇಲೆ ರೈಟ್ರು ಫೋನ್ ಮಾಡಿ "ಸಂಜೆ 4ಕ್ಕೆ ತೂಕ ಹಾಕಿದ್ದು ಬೆಳಗ್ಗೆ 10:30 ಅಂತ ತೋರಿಸ್ತೈತೆ ಕಣಣ್ಣ, ಮಧ್ಯಾಹ್ನದ್ ಕುಯ್ಲು ಎಲ್ಲಿಗೋಯ್ತು ಅಂತ ಹೆಂಗಸ್ರು ಜಗಳಕ್ಕೆ ಬರ್ತಾರೆ" ಅಂದ್ರು. ಕಂಟೇನರ್ (ಓಡ್ತಿರೋ ಇಮೇಜು) ಒಳಗಿನ ಗಡಿಯಾರ ಯುಟಿಸಿ, ಅಂದ್ರೆ ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಟಿಜೆಡ್‌ಡೇಟಾ ಪ್ಯಾಕೇಜ್ ಹಾಕಿ ಟೈಮ್‌ಝೋನ್ ಕೊಟ್ಟೆ. ಡೇಟಾಬೇಸ್ ಫೈಲು ಮಾತ್ರ ಕಂಟೇನರ್ ಒಳಗೆ ಇಡಬೇಡಿ, ವಾಲ್ಯೂಮ್ (ಹೊರಗಿನ ಡಿಸ್ಕಿನ ಜಾಗ) ಮೌಂಟ್ ಮಾಡಿ, ಇಲ್ದಿದ್ರೆ ಕಂಟೇನರ್ ತೆಗೆದ ದಿನ ಬಟವಾಡೆ ಲೆಕ್ಕಾನೂ ಹೋಗುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಬಿಲ್ಡ್ ಕ್ಯಾಶಿಗೆ (ಹಳೇ ಬಿಲ್ಡಿನ ತುಣುಕು ಉಳಿಸ್ಕೊಳ್ಳೋ ಜಾಗ), ಸುಮ್ನೆ ಬಿಟ್ರೆ ಡಿಸ್ಕ್ ತುಂಬ್ತಾ ಹೋಗುತ್ತೆ, ಆಗಾಗ ಅದನ್ನ ಅಳಿಸೋ ಪ್ರೂನ್ ಕಮಾಂಡ್ ಹೊಡೀಬೇಕು. ಈಗ ಹೊಸ ವರ್ಷನ್ ಆದಾಗೆಲ್ಲ ಡಾಕರ್ ಸೇವ್ ಮಾಡಿ ಆ ಟಾರ್ ಫೈಲನ್ನ ವಾಟ್ಸಾಪಲ್ಲೇ ಕಳಿಸ್ತೀನಿ, ರೈಟ್ರು ಕಣದ ಮೂಲೆಗೆ ಹೋಗಿ ಇಳಿಸ್ಕೊಂಡು ಬಂದು ಲೋಡ್ ಮಾಡ್ಕೋತಾರೆ.