ಕ್ವಾರಿಯ ಗೋಡೆ ಕಾಯುವ ಸೇವೆ: ರಾಡಾರ್ ವಿಭಾಗ ಮೆಚ್ಚಿಗೆಯಾಯಿತು, ಪುನಶ್ಚೇತನದ ವರದಿ ಆಗಲಿಲ್ಲ

ಕಲ್ಲು ಕ್ವಾರಿಯೊಂದರ ಸುರಕ್ಷತೆಯ ಹೊಣೆ ನನ್ನದು. ಗೋಡೆಗಳ ಚಲನೆಯನ್ನು ಗಮನಿಸುವುದಕ್ಕೂ ಕೆಲಸ ಮುಗಿದ ಬೆಂಚುಗಳ (ಗೋಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತಗಳ) ಪುನಶ್ಚೇತನದ, ಅಂದರೆ ಮಣ್ಣು ಹರಡಿ ಮತ್ತೆ ಹಸಿರು ಬೆಳೆಸುವ ಕೆಲಸದ ಮೇಲೆ ಕಣ್ಣಿಡುವುದಕ್ಕೂ ಒಂದೇ ಸಂಸ್ಥೆಯನ್ನು ನೇಮಿಸಿಕೊಂಡಿದ್ದೆವು. ಮಳೆಗಾಲ ಪೂರ್ತಿ ಅವರ ಕೆಲಸ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗೋಡೆ ಕಾಯುವ ಕೆಲಸಕ್ಕೆ ಅವರನ್ನು ಕಣ್ಣು ಮುಚ್ಚಿ ಕರೆಯಬಹುದು. ಪುನಶ್ಚೇತನವನ್ನು ಮಾತ್ರ ಅವರ ವರದಿ ನಂಬಿ ಬಿಡುವಂತಿಲ್ಲ.

ನಮ್ಮ ಪೂರ್ವದ ಗೋಡೆಯಲ್ಲಿ ಬಂಡೆಯ ಪದರುಗಳು ಗುಂಡಿಯ ಕಡೆಗೇ ವಾಲಿವೆ. ಆ ವಾಲು ಗೋಡೆಯ ಇಳಿಜಾರಿಗಿಂತ ಕಡಿಮೆ, ಪದರುಗಳ ನಡುವಿನ ಘರ್ಷಣ ಕೋನಕ್ಕಿಂತ (ಘರ್ಷಣೆಯೊಂದರಿಂದಲೇ ಪದರು ಜಾರದೆ ನಿಲ್ಲಬಲ್ಲ ಗರಿಷ್ಠ ವಾಲಿಗಿಂತ) ಹೆಚ್ಚು. ಬಂಡೆ ಜಾರುವುದಕ್ಕೆ ಇದಕ್ಕಿಂತ ಅನುಕೂಲದ ಸ್ಥಿತಿ ಇಲ್ಲ. ಸಾಲದ್ದಕ್ಕೆ ಬಿರುಕಿನಲ್ಲಿ ಮಳೆನೀರು ತುಂಬಿಕೊಂಡರೆ ಅದರ ಒತ್ತಡದಿಂದ ಪದರುಗಳ ಹಿಡಿತ ಸಡಿಲವಾಗುತ್ತದೆ. ಬಿರುಕಿನ ಎರಡು ಬದಿಗೆ ಗೂಟ ಹೊಡೆದು ಟೇಪಿನಿಂದ ಅಳೆಯುವುದು ಹಳೆಯ ಪದ್ಧತಿ. ಅದು ಈಗಲೂ ಒಳ್ಳೆಯ ಪದ್ಧತಿಯೇ, ಆದರೆ ಅಳೆಯುವವನು ಅಪಾಯದ ಅಂಚಿನಲ್ಲೇ ನಿಲ್ಲಬೇಕಾಗುತ್ತದೆ.

ಇವರು ಎದುರು ಬದಿಯ ಗಟ್ಟಿ ನೆಲದ ಮೇಲೆ ರಾಡಾರ್ ನಿಲ್ಲಿಸಿದರು. ಗೋಡೆಗೆ ಬಡಿದು ಹಿಂದಿರುಗುವ ಅಲೆಗಳ ವ್ಯತ್ಯಾಸವನ್ನು ಲೆಕ್ಕ ಹಾಕಿ ಅದು ಮಿಲಿಮೀಟರಿಗಿಂತ ಕಡಿಮೆ ಚಲನೆಯನ್ನೂ ಹಿಡಿಯುತ್ತದೆ. ರಾತ್ರಿಯಾದರೂ ಮಂಜು ಕವಿದರೂ ನಿಲ್ಲುವುದಿಲ್ಲ. ಆದರೆ ತನ್ನ ಕಡೆಗೆ ಬರುವ ಅಥವಾ ತನ್ನಿಂದ ದೂರ ಸರಿಯುವ ಚಲನೆಯಷ್ಟೇ ಅದಕ್ಕೆ ಕಾಣುತ್ತದೆ. ಈ ಮಿತಿಯನ್ನು ಅವರೇ ಮೊದಲ ದಿನ ಹೇಳಿದರು, ಗೋಡೆಯ ಮೇಲೆ ಬೆಳಕನ್ನು ಹಿಂದಿರುಗಿಸುವ ಪ್ರಿಸಂಗಳನ್ನು ಕೂರಿಸಿ, ಕೋನವನ್ನೂ ದೂರವನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಿಂದ ಮೂರೂ ದಿಕ್ಕಿನ ಚಲನೆಯನ್ನು ಅಳೆದರು. ಬಂಡೆಯೊಳಗಿನ ನೀರಿನ ಒತ್ತಡ ಅಳೆಯುವುದಕ್ಕೆ ಪೀಜೋಮೀಟರುಗಳನ್ನು ಇಳಿಸಿದರು. ಮಾರುವವರು ತಮ್ಮ ಯಂತ್ರದ ಮಿತಿಯನ್ನು ತಾವಾಗಿ ಹೇಳುವುದು ಅಪರೂಪ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಯಂತ್ರಕ್ಕಿಂತಲೂ ಬೆಲೆಯುಳ್ಳದ್ದು ಅದರ ನಕ್ಷೆ ಓದುವ ಭೂವಿಜ್ಞಾನಿ. ಸ್ಫೋಟದ ನಂತರ ಗೋಡೆ ಸ್ವಲ್ಪ ಸರಿದು ಕ್ರಮೇಣ ಶಾಂತವಾಗುವುದು ಸಹಜ. ವೇಗ ಏರುತ್ತಲೇ ಹೋದರೆ ಕಥೆ ಬೇರೆ. ಜೋರು ಮಳೆಯ ನಂತರ ಒಂದು ಸಂಜೆ ಆಕೆ ಫೋನ್ ಮಾಡಿ, 'ಸಾರ್, ವೇಗದ ವಿಲೋಮದ ಗೆರೆ ನೇರವಾಗಿ ಇಳಿಯುತ್ತಿದೆ, ಕೆಳಗಿನ ಬೆಂಚಿನಿಂದ ಎಲ್ಲರನ್ನೂ ಹೊರಗೆ ಕರೆಯಿರಿ' ಎಂದರು. ಒಂದನ್ನು ವೇಗದಿಂದ ಭಾಗಿಸಿ ಕಾಲದ ಎದುರು ಗುರುತಿಸುತ್ತಾ ಹೋದರೆ, ಆ ಗೆರೆ ಸೊನ್ನೆ ಮುಟ್ಟುವ ಹೊತ್ತೇ ಕುಸಿತದ ಅಂದಾಜು ಹೊತ್ತು. ಜಪಾನಿನ ಫುಕುಜೊನೊ 1985ರಲ್ಲಿ ಪ್ರಕಟಿಸಿದ ವಿಧಾನ ಇದು. ಹಿಟಾಚಿಯನ್ನೂ ಜನರನ್ನೂ ಹೊರಗೆ ತಂದೆವು. ಬೆಳಗಾಗುವ ಮುನ್ನ ಬಂಡೆಯ ದೊಡ್ಡ ಹಲಗೆಯೊಂದು ಕಳಚಿ ಅದೇ ಬೆಂಚಿನ ಮೇಲೆ ಪುಡಿಯಾಯಿತು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಿಂಗ್‌ಹ್ಯಾಂ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ ಗೋಡೆಯೇ ಕುಸಿದಾಗಲೂ ಒಬ್ಬರಿಗೂ ಗಾಯವಾಗಲಿಲ್ಲ. ಚಲನೆಯನ್ನು ಮೊದಲೇ ಗಮನಿಸಿ ಜನರನ್ನು ಹೊರಗೆ ಕಳಿಸಿದ್ದರು. ಈ ಸೇವೆಯಿಂದ ನಾವು ಬಯಸುವುದೂ ಇಷ್ಟನ್ನೇ.

ಪುನಶ್ಚೇತನದ ವಿಷಯದಲ್ಲಿ ನನ್ನ ತಕರಾರು ಗಂಭೀರವಾದದ್ದು. ಹುಲ್ಲು ಬೆಳೆದ ಬೆಂಚುಗಳಿಗೂ ಇವರು ಅದೇ ರಾಡಾರ್ ನಕ್ಷೆಯನ್ನು ಲಗತ್ತಿಸಿದರು. ಗಾಳಿಗೆ ಅಲ್ಲಾಡುವ ಹುಲ್ಲಿನಿಂದ ಹಿಂದಿರುಗುವ ಅಲೆ ಕಲಸಿಹೋಗುತ್ತದೆ, ಅಳತೆ ಸಿಗುವುದಿಲ್ಲ. ಅಳತೆಯೇ ಇಲ್ಲದ ಆ ಜಾಗಗಳನ್ನು ವರದಿಯಲ್ಲಿ 'ಸ್ಥಿರ' ಎಂದು ಬರೆದಿದ್ದರು. ಕಾಣದ್ದನ್ನು ಸ್ಥಿರ ಎನ್ನುವುದು ಅಕ್ಷಮ್ಯ.

ಡ್ರೋನ್ ಚಿತ್ರದಲ್ಲಿ ದಟ್ಟ ಹಸಿರಾಗಿ ಕಂಡ ಬೆಂಚಿಗೆ ನಾನೇ ಹೋಗಿ ಅಗೆದು ನೋಡಿದೆ. ಗೇಣಷ್ಟೂ ಇಲ್ಲದ ಮಣ್ಣು, ಅದರ ಕೆಳಗೆ ವಾಹನ ಓಡಾಡಿ ಗಟ್ಟಿಯಾದ ಕಲ್ಲುಪುಡಿ. ಸಸಿಗಳ ಬೇರು ಆ ಪದರಿಗೆ ತಾಕಿ ಅಡ್ಡಕ್ಕೆ ತಿರುಗಿದ್ದವು. ಬೇಸಿಗೆ ಬಂದರೆ ಈ ಹಸಿರು ಉಳಿಯುವುದಿಲ್ಲ. ತೆಗೆದಿಟ್ಟ ಮೇಲ್ಮಣ್ಣಿನ ರಾಶಿಯನ್ನು ಎತ್ತರಕ್ಕೆ ಪೇರಿಸಿದ್ದರು. ಒಳಗೆ ಗಾಳಿಯಾಡದೆ ಮಣ್ಣಿನ ಜೀವಿಗಳು ಸಾಯುತ್ತವೆ. ವರದಿಯಲ್ಲಿ ಅದರ ಪ್ರಸ್ತಾಪವಿಲ್ಲ.

ಎಲ್ಲಕ್ಕಿಂತ ನೋವಾಗಿದ್ದು ಬೆಂಚಿನ ಒಳಬದಿಯ ಕಾಲುವೆಯನ್ನು ಕಂಡಾಗ. ಅದು ಹೂಳು ತುಂಬಿ ಮುಚ್ಚಿತ್ತು. ಅಲ್ಲಿ ನಿಂತ ನೀರು ಎಲ್ಲಿಗೆ ಹೋಗಬೇಕು? ಕೆಳಗಿನ ಗೋಡೆಯ ಬಿರುಕಿಗೆ. ಅಲ್ಲೇ ಇರುವ ಪೀಜೋಮೀಟರ್ ಒತ್ತಡ ಏರಿದ್ದನ್ನು ತೋರಿಸಿತ್ತು. ಗೋಡೆಯ ತಂಡ ಅದನ್ನು ದಾಖಲಿಸಿತ್ತು, ಪುನಶ್ಚೇತನದ ತಂಡ ಅದನ್ನು ತೆರೆದೂ ನೋಡಿರಲಿಲ್ಲ. ಹಸಿರಿನ ಬೆಂಚೂ ಕುಸಿಯುವ ಗೋಡೆಯೂ ಒಂದೇ ಬೆಟ್ಟದ ಭಾಗಗಳು. ಒಂದೇ ಸಂಸ್ಥೆಗೆ ಎರಡನ್ನೂ ಕೊಟ್ಟದ್ದು ಈ ಕಾರಣಕ್ಕೇ.

ದೂರು ಕೊಟ್ಟ ಮೇಲೆ ಅವರು ನಕ್ಷೆಯಲ್ಲಿ 'ಅಳತೆ ಇಲ್ಲ' ಎಂಬ ಬೇರೆ ಬಣ್ಣ ಸೇರಿಸಿದರು, ಅದು ಸರಿಹೋಗಿದೆ. ರಾಡಾರ್ ಸೇವೆಯನ್ನು ಮುಂದುವರಿಸುತ್ತಿದ್ದೇವೆ. ಪುನಶ್ಚೇತನಕ್ಕೆ ಮಾತ್ರ, ಪ್ರತಿ ದೊಡ್ಡ ಮಳೆಯ ನಂತರ ಬೆಂಚಿನ ಮೇಲೆ ನಡೆದು ಮಣ್ಣಿನ ಆಳ, ಬೇರು, ಕಾಲುವೆ ಮೂರನ್ನೂ ನೋಡಿ ಬರೆಯುವವರು ಬೇಕೆಂದು ಷರತ್ತು ಹಾಕಿದ್ದೇವೆ. ಅದಕ್ಕೆ ಒಪ್ಪದಿದ್ದರೆ ಆ ಕೆಲಸ ಬೇರೆಯವರಿಗೆ.